ಮುಪ್ಪಿನವರ ಹೊಲ-ಮನಿ ವಿಚಾರ



ಕಳೆದ ಸುಗ್ಗಿಯಲ್ಲಿ ಹಿರಿಯರೊಬ್ಬರು ಮಠಕ್ಕೆ ಬಂದು ನಮ್ಮೆದುರು ಕುಳಿತರು. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಅಜ್ಜಾರ, ನಾಕೆಕರೆ ಎರಿಹೊಲ ಮಗನ ಹೆಸರಿಗೆ ಬರದಕೊಟ್ಟೆ. ಈಗ ಉಣ್ಣಾಕ ಕರಿಯೋರಿಲ್ಲ" ಅಂದರು. ಪತ್ರ ತರಿಸಿ ಓದಿಸಿದೆವು. ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆಂದು ಇತ್ತು. ಮುಪ್ಪಿನಲ್ಲಿ ನೋಡಿಕೊಳ್ಳಬೇಕೆಂಬುದು ಒಂದಕ್ಷರವೂ ಇರಲಿಲ್ಲ.

ತೊಡಕಿರುವುದು ಅಲ್ಲಿಯೇ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಕಾಯ್ದೆಯಾಗಿದೆ. ಅರವತ್ತು ತುಂಬಿದವರು ತಮ್ಮನ್ನು ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಆಸ್ತಿ ಕೊಟ್ಟು, ಪಡೆದವನು ಕೈಬಿಟ್ಟರೆ, ಆ ಪತ್ರ ರದ್ದಾಗಬಹುದೆಂದು ಅದರ 23ನೆಯ ಕಲಮು ಹೇಳುತ್ತದೆ. ಆದರೆ ಕರಾರು ಇತ್ತೆಂಬುದು ಸಿದ್ಧವಾಗಬೇಕೆಂದು 2022ರ ಡಿಸೆಂಬರದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ತಾಯಿಯೊಬ್ಬಳ ದಾನಪತ್ರ ರದ್ದುಮಾಡಿ, ಆಸ್ತಿಯನ್ನು ಮರಳಿ ಅವಳ ಕೈಗೆ ಕೊಡಿಸಿತು. ಅಲ್ಲಿ ಮಗನು ಕಡೆತನಕ ನೋಡಿಕೊಳ್ಳುವೆನೆಂದು ಬೇರೊಂದು ವಚನಪತ್ರ ಬರೆದಿದ್ದನೆಂದು ತಾಯಿ ಮುಂದಿಟ್ಟಿದ್ದಳು. ಕೋರ್ಟಿಗೂ ಕಾಗದ ಬೇಕು, ನೋಡಿರಿ!

ಇದು ಒಂದು ಮನೆಯ ಮಾತಲ್ಲ. ಬೆಳಗಾವಿಯ ಸರಕಾರಿ ಆಸ್ಪತ್ರೆಯೊಂದರಲ್ಲಿಯೇ ಹಿರಿಯರನ್ನು ಬಿಟ್ಟುಹೋದ ಪ್ರಕರಣಗಳು 150ಕ್ಕೂ ಮಿಕ್ಕಿವೆಯೆಂದು ಸಚಿವ ಡಾ. ಶರಣಪ್ರಕಾಶ ಪಾಟೀಲರು 2025ರಲ್ಲಿ ಹೇಳಿದರು.

ಆದುದರಿಂದ ಬರೆದುಕೊಡುವ ಮೊದಲು ಯೋಚಿಸಿರಿ. ದಾನಪತ್ರ ನೋಂದಣಿಯಾಯಿತೆಂದರೆ ಹೊಲ ನಿಮ್ಮದಲ್ಲ. ಕೊಡಲೇಬೇಕೆಂದಿದ್ದರೆ ಅನ್ನ, ವಸತಿ, ಔಷಧೋಪಚಾರದ ಕರಾರನ್ನು ಪತ್ರದಲ್ಲಿಯೇ ಬರೆಸಿರಿ. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಮೃತ್ಯುಪತ್ರದ ರೀತಿ ಬೇರೆ. ಇಬ್ಬರು ಸಾಕ್ಷಿದಾರರು ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮೇಲು. ಜೀವವಿರುವತನಕ ಹೊಲ ನಿಮ್ಮದೇ, ಬೇಕಾದಾಗ ಪತ್ರ ಬದಲಿಸಲೂಬಹುದು. ನಮಗೆ ಕೇಳಿದರೆ ಇದೇ ಮೇಲು.

ಕರಾರಿಲ್ಲದ ಆ ಹಿರಿಯರ ಗತಿಯೇನು? ಹೊಲ ಮರಳುವುದು ಕಷ್ಟ. ಆದರೆ ಪೋಷಣೆಯ ಹಕ್ಕು ಹೋಗಿಲ್ಲ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟರೆ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಲು ಬರುತ್ತದೆ.

ಅರ್ಜಿ ಬರೆಸಿದೆವು. ಸಹಿ ಮಾಡುವಾಗ ಅವರ ಕೈ ನಿಂತಿತು. "ಮಗನ ಮ್ಯಾಲ ಹೆಂಗ ಹಾಕ್ಲಿ, ಅಜ್ಜಾರ?" ನಾವು ಒತ್ತಾಯಿಸಲಿಲ್ಲ. ಮಗನಿಗೆ ಹೇಳಿಕಳಿಸಿದ್ದೇವೆ, ಬರುವ ಸೋಮವಾರ ಬರುತ್ತೇನೆಂದಿದ್ದಾನೆ. ಅರ್ಜಿ ಮಠದಲ್ಲಿಯೇ ಇದೆ.