ಕುಗ್ಗುತ್ತಿರುವ ಊರಿಗೂ ಒಂದು ಯೋಜನೆ ಬೇಕು

(ನಗರಸಭಾ ಸದಸ್ಯರು ಹಾಗೂ ಅಧಿಕಾರಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಪಟ್ಟಣದ ಅಭಿವೃದ್ಧಿಯ ಕುರಿತು ಮಾತನಾಡಲು ಕಾಡಿನ ಕಡೆಯವನಿಗೆ ಏನು ಅಧಿಕಾರ ಎಂದು ಕೆಲವರಿಗೆ ಅನ್ನಿಸಿರಬಹುದು. ಭದ್ರಾವತಿಯ ಮಟ್ಟಿಗೆ ಆ ಪ್ರಶ್ನೆಯೇ ಏಳುವುದಿಲ್ಲ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲು ನಮ್ಮ ಕಾಡುಗಳಿಂದ ಬಂತು, ನೀರು ಭದ್ರೆಯದು. ಆಮೇಲೆ ಬಂದ ಕಾಗದದ ಕಾರ್ಖಾನೆಗೂ ಬೆಟ್ಟದ ಬಿದಿರು, ಮರಗಳೇ ಆಹಾರವಾದವು.

ಆ ಆರ್ಥಿಕತೆ ಈಗ ಉಳಿದಿಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದಷ್ಟು ಕೆಲಸ ಮರಳಿ ಶುರುವಾಯಿತು. ಆದರೆ ಊರು ಅದಕ್ಕೂ ಬಹಳ ಮೊದಲೇ ಸೂಚನೆ ಕೊಟ್ಟಿತ್ತು. 2001ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಸುಮಾರು 1.60 ಲಕ್ಷ, 2011ರಲ್ಲಿ ಸುಮಾರು 1.51 ಲಕ್ಷ. ಸುತ್ತಲಿನ ನಗರಗಳು ಉಬ್ಬುತ್ತಿದ್ದ ದಶಕದಲ್ಲಿ ಈ ನಗರ ಇಳಿಯಿತು.

ನಮ್ಮ ಯೋಜನಾಶಾಸ್ತ್ರಕ್ಕೆ ಇಳಿಯುವ ಊರು ಅರ್ಥವಾಗುವುದಿಲ್ಲ. ಅದಕ್ಕೆ ತಿಳಿದಿರುವುದು ಒಂದೇ: ಗದ್ದೆಯನ್ನು ಭೂಪರಿವರ್ತನೆ ಮಾಡಿ ಬಡಾವಣೆ ಎಬ್ಬಿಸುವುದು. ಶುಲ್ಕ ಒಮ್ಮೆ ಬರುತ್ತದೆ, ನಿಜ. ಆದರೆ ಬಡಾವಣೆ ನಗರಸಭೆಗೆ ಹಸ್ತಾಂತರವಾದ ದಿನದಿಂದ ಅದರ ರಸ್ತೆ, ಬೀದಿದೀಪ, ಚರಂಡಿ, ಕೊಳವೆಗಳ ಖರ್ಚು ನಿಮ್ಮ ತಲೆಯ ಮೇಲೆ. ಜನ ಹೆಚ್ಚದೆ ಕೊಳವೆ ಮಾತ್ರ ಉದ್ದವಾದರೆ ತಲಾ ಖರ್ಚು ಏರದೆ ಇನ್ನೇನಾಗುತ್ತದೆ? ಇತ್ತ ಕಾಗದನಗರದ ವಸತಿಗೃಹಗಳಲ್ಲಿ ಗಿಡ ಬೆಳೆಯುತ್ತಿದೆ. ಅಲ್ಲಿಗೆ ರಸ್ತೆಯೂ ಚರಂಡಿಯೂ ಎಂದೋ ಆಗಿವೆ.

ಪುನರಭಿವೃದ್ಧಿ ಎಂದು ನಾವು ಕರೆಯುವುದು ಇದನ್ನು, ಒಮ್ಮೆ ಅಗೆದ ನೆಲವನ್ನೇ ಮತ್ತೆ ಬಳಸುವುದನ್ನು. ಸುಲಭವೆಂದು ನಾನು ಹೇಳಲಾರೆ. ಆ ನೆಲ ನಗರಸಭೆಯದಲ್ಲ; ಕಾರ್ಖಾನೆಗಳದು, ಅಂದರೆ ಸರ್ಕಾರಗಳ ಅಧೀನದ ಸಂಸ್ಥೆಗಳದು. ದಶಕಗಳ ಕಾಲ ಕಿಟ್ಟ, ಎಣ್ಣೆ, ರಾಸಾಯನಿಕ ಬಿದ್ದ ಮಣ್ಣನ್ನು ಪರೀಕ್ಷಿಸದೆ ಅಲ್ಲಿ ಮನೆಯಾಗಲಿ ಶಾಲೆಯಾಗಲಿ ಕಟ್ಟಕೂಡದು. ಕೆಲಸ ಕಳೆದುಕೊಂಡವರನ್ನು ಕೇಳದೆ ನಕ್ಷೆ ಬರೆಯಕೂಡದು.

ಕಾಡಿನ ಭಾಗದ ಲೆಕ್ಕವೂ ಬಾಕಿ ಇದೆ. ಕಾಗದ ಮಾಡುವುದು ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ, ಕಾರ್ಖಾನೆಯ ನೆಡುತೋಪುಗಳ ಗೇಣಿಯನ್ನು ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಇಲ್ಲದ ಕಾಗದಕ್ಕಾಗಿ ಅಕೇಶಿಯಾ! ಮಲೆನಾಡಿನ ಜನ ಚಳವಳಿಗಿಳಿದದ್ದು ಇದೇ ಕಾರಣಕ್ಕೆ. ಪಟ್ಟಣದ ಭವಿಷ್ಯವನ್ನು ಯೋಚಿಸುವಾಗ ಈ ತೋಪುಗಳನ್ನು ಹೊರಗಿಟ್ಟರೆ ಅರ್ಧ ಯೋಚಿಸಿದಂತೆ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಅದನ್ನು ಸಿದ್ಧಪಡಿಸುವುದು ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ನೀವಲ್ಲ. ಆದರೂ ಕೇಳುವ ಹಕ್ಕು ನಿಮಗಿದೆ. ಮುಂದಿನ ಬಡಾವಣೆಯ ಕಡತ ಮೇಜಿಗೆ ಬಂದಾಗ ವಾರ್ಡುವಾರು ಖಾಲಿ ನಿವೇಶನ, ಬೀಗ ಬಿದ್ದ ಮನೆ, ಮುಚ್ಚಿದ ಅಂಗಡಿಗಳ ಪಟ್ಟಿಯನ್ನು ಅದರೊಂದಿಗೆ ಇಡುವಂತೆ ಕೇಳಿ. ಎಣಿಸಲು ಜನ ಸಾಲದಿದ್ದರೆ ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ಬರುತ್ತಾರೆ. ಅವರನ್ನು ಕೇಳಿಯೇ ಈ ಮಾತು ಹೇಳುತ್ತಿದ್ದೇನೆ.