ಒಂದೇ ಸ್ಲೈಡು, ಮೂರು ಅಂಕಪಟ್ಟಿ

(ವಾರ್ಷಿಕ ಸಹಾಯಾರ್ಥ ಸಮಾರಂಭದಲ್ಲಿ ಮಾಡಿದ ಭಾಷಣ)



ನಾವು ಪೆಥಾಲಜಿ ವಿಭಾಗದ ವೈದ್ಯರು. ರೋಗಿಗಳು ನಮ್ಮ ಮುಖ ನೋಡುವುದು ಅಪರೂಪ. ನಾವು ಬರೆದ ರಿಪೋರ್ಟು ಮಾತ್ರ ಅವರ ಕೈಗೆ ಹೋಗುತ್ತದೆ. ಊರಿನಿಂದ ಅಪ್ಪನದೋ ಅತ್ತೆಯದೋ ರಿಪೋರ್ಟು ಬಂದಾಗ ಅದರಲ್ಲಿನ ಒಂದು ಅಂಕೆ ಇಲ್ಲಿ ಮನೆಮಂದಿಯ ನಿದ್ದೆ ಕೆಡಿಸುತ್ತದೆ. ಅಂಥ ಒಂದು ಅಂಕೆಯ ಬಗ್ಗೆ ನಾಲ್ಕು ಮಾತು.

ಶ್ವಾಸಕೋಶದಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆಗಳೆಂಬ ಒಂದು ಗುಂಪಿದೆ. ಅವುಗಳಲ್ಲಿ ಕಾರ್ಸಿನಾಯ್ಡ್ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಸ್ಮಾಲ್ ಸೆಲ್ ಕ್ಯಾನ್ಸರ್ ಬಹಳ ವೇಗದ್ದು. ಅನೇಕ ಕಾರ್ಸಿನಾಯ್ಡ್‌ಗಳ ಜೀವಕೋಶದ ಹೊರಪೊರೆಯಲ್ಲಿ ಸೊಮ್ಯಾಟೊಸ್ಟಾಟಿನ್ ಹಾರ್ಮೋನಿನ ಗ್ರಾಹಕಗಳಿರುತ್ತವೆ. ಇವುಗಳ ಐದು ಬಗೆಗಳಲ್ಲಿ ಚಿಕಿತ್ಸೆಗೆ ಹೆಚ್ಚು ಮುಖ್ಯವಾದದ್ದು ಎರಡನೆಯದು. ಆಕ್ಟ್ರಿಯೊಟೈಡ್ ಇಂಜೆಕ್ಷನ್, ಲ್ಯುಟೀಷಿಯಂ ವಿಕಿರಣ ಚಿಕಿತ್ಸೆ, ಎರಡೂ ಅದನ್ನೇ ಹುಡುಕಿಕೊಂಡು ಹೋಗುತ್ತವೆ. ಗ್ರಾಹಕವನ್ನು ಮನೆಯ ಕರೆಗಂಟೆ ಎಂದುಕೊಳ್ಳಿ. ಗುಂಡಿ ಹೊರಬಾಗಿಲಲ್ಲಿದ್ದರೆ ಬಂದವರು ಒತ್ತಬಹುದು. ಉಗ್ರಾಣದೊಳಗಿದ್ದರೆ ಏನು ಪ್ರಯೋಜನ?

ಬಯಾಪ್ಸಿಯ ತೆಳುಪದರಕ್ಕೆ ಆಂಟಿಬಾಡಿ ಹಾಕಿದಾಗ ಗ್ರಾಹಕವಿರುವ ಕಡೆ ಸಾಮಾನ್ಯವಾಗಿ ಕಂದು ಬಣ್ಣ ಮೂಡುತ್ತದೆ. ಅದಕ್ಕೆ ಅಂಕ ಕೊಡಲು ಹಲವು ಪದ್ಧತಿಗಳಿವೆ. ಎಚ್-ಸ್ಕೋರ್‌ನಲ್ಲಿ ಬಣ್ಣದ ಗಾಢತೆಗೆ 0ಯಿಂದ 3 ಅಂಕ. ಅದನ್ನು ಜೀವಕೋಶಗಳ ಶೇಕಡಾವಾರು ಪ್ರಮಾಣದಿಂದ ಗುಣಿಸಿ ಕೂಡಬೇಕು, ಗರಿಷ್ಠ 300. ಐಆರ್‌ಎಸ್‌ನಲ್ಲಿ ಗಾಢತೆಯ ಅಂಕವನ್ನು ಪ್ರಮಾಣಕ್ಕೆ ಕೊಟ್ಟ 0ಯಿಂದ 4ರ ಅಂಕದಿಂದ ಗುಣಿಸುತ್ತಾರೆ, ಗರಿಷ್ಠ 12. 2007ರಲ್ಲಿ ಪ್ರಕಟವಾದ ವೊಲಾಂಟೆ ಪದ್ಧತಿ ಕೇಳುವುದು ಬಣ್ಣ ಎಲ್ಲಿದೆ ಎಂದು: ಒಳಗೆ ಮಾತ್ರ ಇದ್ದರೆ 1, ಅರ್ಧಕ್ಕಿಂತ ಕಡಿಮೆ ಕೋಶಗಳ ಹೊರಪೊರೆಯಲ್ಲಿದ್ದರೆ 2, ಅರ್ಧಕ್ಕಿಂತ ಹೆಚ್ಚಿನವುಗಳ ಹೊರಪೊರೆಯನ್ನು ಸುತ್ತುವರಿದಿದ್ದರೆ 3.

ಶೇಕಡಾ 90ರಷ್ಟು ಕೋಶಗಳ ಹೊರಪೊರೆಯ ಸುತ್ತಲೂ ತಿಳಿಯಾದ ಬಣ್ಣವಿದೆ ಎನ್ನೋಣ. ಎಚ್-ಸ್ಕೋರ್ 300ಕ್ಕೆ 90. ಐಆರ್‌ಎಸ್ 12ಕ್ಕೆ 4. ವೊಲಾಂಟೆಯಲ್ಲಿ ಮಾತ್ರ 3ಕ್ಕೆ 3! ಉತ್ತರಪತ್ರಿಕೆ ಒಂದೇ, ಒಬ್ಬ ಪರೀಕ್ಷಕರ ಲೆಕ್ಕದಲ್ಲಿ ನಪಾಸು, ಇನ್ನೊಬ್ಬರ ಲೆಕ್ಕದಲ್ಲಿ ಪ್ರಥಮ ದರ್ಜೆ.

ಇನ್ನೊಂದು ಮಾತು. ಬಯಾಪ್ಸಿ ಒಂದು ಚೂರು ಮಾತ್ರ. ಗ್ಯಾಲಿಯಂ-68 ಪೆಟ್ ಸ್ಕ್ಯಾನ್ ದೇಹವನ್ನೆಲ್ಲ ತೋರಿಸುತ್ತದೆ. ಅಲ್ಲಿ ಕ್ರೆನಿಂಗ್ ಅಂಕ: ಗೆಡ್ಡೆಯ ಹೊಳಪು ಲಿವರ್‌ಗಿಂತ ಹೆಚ್ಚಿದ್ದರೆ 3, ಸ್ಪ್ಲೀನ್‌ಗಿಂತಲೂ ಹೆಚ್ಚಿದ್ದರೆ 4. ಅಮೆರಿಕದಲ್ಲಿ 2018ರಲ್ಲಿ ಲ್ಯುಟೀಷಿಯಂ ಚಿಕಿತ್ಸೆಗೆ ಒಪ್ಪಿಗೆ ದೊರೆತದ್ದು ಜಠರ, ಕರುಳು, ಮೇದೋಜೀರಕ ಗ್ರಂಥಿಯ ಗೆಡ್ಡೆಗಳಿಗೆ. ಶ್ವಾಸಕೋಶದ ಹೆಸರು ಅದರಲ್ಲಿರಲಿಲ್ಲ. ಆದ್ದರಿಂದ ಶ್ವಾಸಕೋಶದ ರೋಗಿಗಳ ವಿಷಯದಲ್ಲಿ ವೈದ್ಯರು ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಅಳೆದು ನೋಡಬೇಕಾಗುತ್ತದೆ. ಇಲ್ಲಿ ಅಂಕದ ಅರ್ಥ ತಪ್ಪಿದರೆ ಒಂದು ದಾರಿಯೇ ಮುಚ್ಚಿಹೋಗಬಹುದು.

ಹಾಗಾಗಿ ನಿಮ್ಮಲ್ಲಿ ನಮ್ಮ ವಿನಂತಿ: ರಿಪೋರ್ಟಿನಲ್ಲಿ ಬರೀ 'ಪಾಸಿಟಿವ್', 'ನೆಗೆಟಿವ್' ಎಂದಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಯಾವ ಪದ್ಧತಿ, ಎಷ್ಟಕ್ಕೆ ಎಷ್ಟು? ಬಣ್ಣ ಹೊರಪೊರೆಯಲ್ಲಿದೆಯೇ? ಸ್ಕ್ಯಾನ್ ಇದಕ್ಕೆ ಹೊಂದುತ್ತದೆಯೇ? ಈ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿ. ಎರಡನೇ ಅಭಿಪ್ರಾಯ ಬೇಕೆನಿಸಿದರೆ ರಿಪೋರ್ಟಿನ ಫೋಟೋ ಸಾಲದು. ಸ್ಲೈಡು, ಬ್ಲಾಕುಗಳನ್ನೂ ಕಳಿಸಬೇಕು.

ಇಂಥ ಪರೀಕ್ಷೆಗಳಿಗೆ ಹಣವಿಲ್ಲದೆ ಹಿಂಜರಿಯುವ ಕುಟುಂಬಗಳಿವೆ. ಇಂದು ನೀವು ನೀಡುವ ದೇಣಿಗೆಯನ್ನು ಅವರನ್ನು ನೆನೆದು ನೀಡಿ. ಎಲ್ಲರಿಗೂ ಆರೋಗ್ಯ ಲಭಿಸಲಿ.