ಹಕ್ಕಲು



ಈ ವಾರದ ಆರಂಭದಲ್ಲಿ ನಮ್ಮ ಅಳ್ನಾವರದಲ್ಲಿ ಒಂದು ದೊಡ್ಡ ಅಡ್ಡಮಳೆ ಬಿತ್ತು. ಕಾಡಿನ ಮೇಲಿಂದ ಬೀಸಿ ಬಂದ ಗಾಳಿಯೊಡನೆ ರಾತ್ರಿಯೆಲ್ಲ ಹೊಡೆದು ಹೋದ ಆ ಮಳೆಯ ಮರುದಿನ ಮುಂಜಾನೆ ಪೇಟೆಯ ಕಡೆಗೆ ಹೊರಟವನು, ಸರಾಫರ ಅಂಗಡಿಗಳ ಮುಂದಿನ ಗಟಾರದ ಬದಿಯಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಕುಳಿತು, ನೀರು ಕೊಚ್ಚಿ ತಂದು ನಿಲ್ಲಿಸಿದ ರಾಡಿಯನ್ನು ಬುಟ್ಟಿಗೆ ತುಂಬುತ್ತಿದ್ದುದನ್ನು ಕಂಡು ನಿಂತೆನು. ಅಕ್ಕಸಾಲಿಗನ ಅರದಿಂದ ಉದುರಿದ ಪುಡಿ, ಕುಲುಮೆಯ ಬೂದಿಯಲ್ಲಿ ಸೇರಿಹೋದ ಕಣ, ಇವೆಲ್ಲ ಕಸಬರಿಗೆಯ ದಾರಿಯಿಂದ ಹೊರಬಿದ್ದು ಕಡೆಗೆ ಸೇರುವುದು ಆ ಗಟಾರವನ್ನೇ. "ಏನರ ಸಿಕ್ಕೀತೇನವಾ?" ಎಂದು ಕೇಳಿದ್ದಕ್ಕೆ ಆಕೆ ತಲೆಯೆತ್ತದೆಯೇ, "ಸಿಕ್ಕರ ನಮ್ಮ ಪುಣ್ಯಾರೀ ಯಪ್ಪಾ, ಸಿಗಲಿಲ್ಲಂದ್ರ ಗಟಾರರೆ ಸ್ವಚ್ಛ ಆತಲ್ರೀ" ಎಂದಳು.

ಅದೇ ದಿನ ಸಂಜೆ, ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ಅಣ್ಣನ ಮಗನು ತನ್ನ ಮೊಬೈಲಿನಲ್ಲಿ ಇಂಗ್ಲೆಂಡಿನ ಒಂದು ಕಡಲದಂಡೆಯ ದೃಶ್ಯವನ್ನು ತೋರಿಸಿದನು. ಚಳಿಗಾಲದ ಬಿರುಗಾಳಿ ತಣಿದ ಮರುದಿನ, ಉಣ್ಣೆಯ ಟೊಪ್ಪಿಗೆ ತೊಟ್ಟ ಗೃಹಸ್ಥರು ತುದಿಗೆ ತಂತಿಸುರುಳಿಯ ಬಿಲ್ಲೆಯಿರುವ ಉದ್ದನೆಯ ಕೋಲುಗಳನ್ನು ಮರಳಿನ ಮೇಲೆ ಅತ್ತಿಂದಿತ್ತ ಆಡಿಸುತ್ತ ಸಾಗುತ್ತಿದ್ದರು. ಕಿವಿಗೆ ಹಾಕಿಕೊಂಡ ಉಪಕರಣದಲ್ಲಿ ಸದ್ದು ಕೇಳಿದೊಡನೆ ಬಾಗಿ ಅಗೆದು, ನಾಣ್ಯವನ್ನೋ ಉಂಗುರವನ್ನೋ ಎತ್ತಿ ಜೇಬಿಗಿಳಿಸುತ್ತಿದ್ದರು. "ಕಾಕಾ, ಇಂಥಾದ್ದೊಂದು ಮಷಿನ್ ತರಸೋಣ. ಗೋವಾ ಇಲ್ಲೇ ಐತಿ, ರೈಲ್ ನಮ್ಮ ಊರ ಮ್ಯಾಲೇನ ಹೋಗತೈತಿ" ಎಂದು ಹುಡುಗನ ಒತ್ತಾಯ. ನಾನು ಆಗ ಉತ್ತರ ಕೊಡಲಿಲ್ಲ. ಮನಸ್ಸು ಮಾತ್ರ ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಲೇ ಇದೆ.

ಎರಡರ ಹಿಂದೆಯೂ ಇರುವ ಪ್ರಕೃತಿನಿಯಮವು ಒಂದೇ. ಶಾಂತಕಾಲದಲ್ಲಿ ಮರಳನ್ನು ತಂದು ದಂಡೆಗೆ ಒಟ್ಟುವ ಸಮುದ್ರವೇ ಬಿರುಗಾಳಿಯ ಕಾಲದಲ್ಲಿ ಅದನ್ನು ಕಿತ್ತು ಒಳಗೆ ಸೆಳೆದೊಯ್ಯುತ್ತದೆ. ನಮ್ಮ ಕಾರವಾರ ಗೋಕರ್ಣಗಳ ದಂಡೆಗಳಲ್ಲಿ ಈ ಕೆಲಸವನ್ನು ಮಾಡುವುದು ಚಳಿಗಾಲವಲ್ಲ, ಜೂನಿನಿಂದ ಸೆಪ್ಟೆಂಬರದವರೆಗಿನ ಮಳೆಗಾಲ. ಮರಳಿನ ಕಣವು ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಮಿಕ್ಕಿ ಭಾರವಾದರೆ ಬಂಗಾರವು 19 ಪಟ್ಟಿಗೂ ಮಿಕ್ಕಿ ಭಾರ. ಆದುದರಿಂದ ಹಗುರವಾದದ್ದು ಹೊರಟುಹೋಗಿ, ಭಾರವಾದದ್ದು ತಗ್ಗಿನಲ್ಲಿಯೂ ಕಲ್ಲಿನ ಸಂದಿಯಲ್ಲಿಯೂ ಉಳಿಯುತ್ತದೆ. ಗಟಾರದ ಬದಿಯ ಆ ಹೆಣ್ಣುಮಗಳು ಮಳೆಯ ಮರುದಿನವೇ ಬಂದದ್ದೂ, ನೀರು ತಿರುಗುವ ಮೂಲೆಯಲ್ಲಿಯೇ ಕುಳಿತದ್ದೂ ಸುಮ್ಮನೆ ಅಲ್ಲ.

ನಮ್ಮ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಇಂದು ಗದಗ ಜಿಲ್ಲೆಗೆ ಸೇರಿದ, ಹಿಂದೆ ನಮ್ಮ ಧಾರವಾಡ ಜಿಲ್ಲೆಯದೇ ಆಗಿದ್ದ ಕಪ್ಪತಗುಡ್ಡದ ಬುಡದಲ್ಲಿ, ಡೋಣಿ ಸೊರಟೂರುಗಳ ಹಳ್ಳಗಳಲ್ಲಿ, ದೊಡ್ಡ ಮಳೆಯಾದ ಮೇಲೆ ಜಲಗಾರರು ಮರಿಗೆ ಹಿಡಿದು ಇಳಿಯುತ್ತಿದ್ದರು. ಹಳ್ಳದ ಮರಳನ್ನು ಮರಿಗೆಯಲ್ಲಿ ತೊಳೆದು ತೊಳೆದು, ಕಟ್ಟಕಡೆಗೆ ಉಳಿಯುವ ಕರಿಯ ಮರಳಿನಿಂದ ಹೊನ್ನಿನ ಕಣಗಳನ್ನು ಪಾದರಸದ ನೆರವಿನಿಂದ ಬಿಡಿಸಿಕೊಳ್ಳುವ ಈ ಜನರ ಸಂಗತಿಯು ಹತ್ತೊಂಬತ್ತನೆಯ ಶತಮಾನದ ಗ್ಯಾಝೆಟಿಯರಿನಲ್ಲಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು ಆ ಗುಡ್ಡಗಳ ಸುವರ್ಣಶಿಲೆಗಳನ್ನು ಕುರಿತು 1874ರಲ್ಲಿ ಬರೆದರು. ಮಳೆಯಿಲ್ಲದ ದಿನಗಳಲ್ಲಿ ಇದೇ ಜನ ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಬದುಕುತ್ತಿದ್ದರು. ಆ ಬಂಗಾರದಿಂದ ಯಾವ ಜಲಗಾರನೂ ಮಹಡಿಯ ಮನೆ ಕಟ್ಟಲಿಲ್ಲ. ಗುಡ್ಡವು ಕೊಟ್ಟಷ್ಟನ್ನು ಪಡೆದು, ಮತ್ತೊಂದು ಮಳೆಗೆ ಕಾದರು.

ಇನ್ನು ಆ ಯಂತ್ರದ ಕಥೆ. ಹುಡುಗನಿಗೆ ಇದನ್ನು ಹೇಳಿದಾಗ ಅವನು ನಂಬಲಿಲ್ಲವಾದರೂ ಇದು ದಿಟ. 1881ರಲ್ಲಿ ಅಮೇರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಹೊಕ್ಕು ಅಡಗಿದ ಗುಂಡನ್ನು ಕಂಡುಹಿಡಿಯಲು, ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರು ಇಂತಹ ಒಂದು ಉಪಕರಣವನ್ನು ಸಿದ್ಧಪಡಿಸಿ ಒಯ್ದರು. ಗುಂಡು ಸಿಕ್ಕಲಿಲ್ಲ, ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳೇ ಅಡ್ಡಿಯಾದವೆಂದು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ಎಂಬ ಅಧಿಕಾರಿ ರೂಪಿಸಿದ ಶೋಧಕಯಂತ್ರವು 1942ರಲ್ಲಿ ಎಲ್ ಅಲಾಮೇನಿನ ರಣಭೂಮಿಯಲ್ಲಿ ನೆಲಬಾಂಬುಗಳನ್ನು ತೋರಿಸಿಕೊಟ್ಟಿತು. ಪ್ರಾಣವನ್ನು ಉಳಿಸಲೆಂದು ಹುಟ್ಟಿದ ಉಪಕರಣ ವಿರಾಮದ ಆಟಿಕೆಯಾದರೆ ಅದೇನೂ ಅಪರಾಧವಲ್ಲ. ಆದರೆ ಗುಡ್ಡದ ಹೊನ್ನಿಗೂ ದಂಡೆಯ ಉಂಗುರಕ್ಕೂ ಒಂದು ಅಂತರವಿದೆಯೆಂಬುದನ್ನು ಯಂತ್ರವು ಅರಿಯದು, ಅದರ ಸದ್ದು ಎರಡಕ್ಕೂ ಒಂದೇ. ಗುಡ್ಡದ ಕಣವು ಯಾರ ಬೆರಳನ್ನೂ ಬಲ್ಲುದಲ್ಲ. ಉಂಗುರವಾದರೋ ಯಾರದೋ ಕೈಯಿಂದ ಜಾರಿದ್ದು. ಅದಕ್ಕಾಗಿ ಯಾರೋ ಸಂಜೆಯವರೆಗೆ ಮರಳನ್ನು ಕೆದಕಿ, ಕತ್ತಲಾದ ಮೇಲೆ ಬರಿಗೈಯಲ್ಲಿ ಮನೆಗೆ ಹೋಗಿದ್ದಾರೆ. ಬೇರೆಯವರ ವಸ್ತು ಸಿಕ್ಕಿ ಅದನ್ನು ಇಟ್ಟುಕೊಂಡವನು ಅದರ ಒಡೆಯನಾಗುವುದಿಲ್ಲ, ಒಪ್ಪಿಸಿದ ಒಡವೆಯನ್ನು ಕಾಯುವವನಿಗಿರುವಷ್ಟೇ ಹೊಣೆಯುಳ್ಳವನಾಗುತ್ತಾನೆಂದು ನಮ್ಮ 1872ರ ಕರಾರು ಕಾಯಿದೆಯೂ ಹೇಳುತ್ತದೆ.

ಬಿದ್ದುದನ್ನು ಮುಟ್ಟಲೇಬಾರದೇ ಹಾಗಾದರೆ? ಶರಣೆ ಸತ್ಯಕ್ಕನು ಹಾಗೆಯೇ ಪಣತೊಟ್ಟಳು. ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ವಸ್ತ್ರ ಬಿದ್ದಿದ್ದರೂ ಕೈಮುಟ್ಟಿ ಎತ್ತೆನೆಂಬುದು ಆಕೆಯ ನಿಷ್ಠೆ. ಅದು ಬಹು ಎತ್ತರದ ಮಾತು, ಕೈಮುಗಿಯತಕ್ಕದ್ದು. ಆದರೆ ಸಂಸಾರಿಗಳಾದ ನಮಗೆ ದಾರಿ ತೋರುವವರು ಆಯ್ದಕ್ಕಿ ಮಾರಯ್ಯನೂ ಆತನ ಸತಿ ಲಕ್ಕಮ್ಮನೂ ಎಂದೇ ನನ್ನ ನಂಬಿಗೆ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದೊಳಗೆ ಚೆಲ್ಲಿದ ಅಕ್ಕಿಯನ್ನು ಆಯುವುದೇ ಮಾರಯ್ಯನ ಕಾಯಕ. ಬಿದ್ದ ಕಾಳನ್ನು ಅವನು ತುಚ್ಛವೆನ್ನಲಿಲ್ಲ. ತುಳಿದು ಹಾಳಾಗುವುದನ್ನು ಪ್ರಸಾದವನ್ನಾಗಿ ಮಾಡಿದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಇದು ನಮಗೆ ಸಲ್ಲದ ಆಸೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ, ಬೇಡಿರಲಿಲ್ಲ, ಅಂಗಳದಲ್ಲಿಯೇ ಬಿದ್ದಿತ್ತು, ಕೇಳುವವರೂ ಇರಲಿಲ್ಲ. ಆದರೂ ಸಾಕೆಂಬ ಮಾತು ಆ ಮನೆಯೊಳಗಿನಿಂದಲೇ ಬಂದಿತು. ಈ ಪ್ರಸಂಗವನ್ನು ನೆನೆದಾಗಲೆಲ್ಲ, ಸುರಿದು ಬರಲು ಖಾಲಿ ಹೊಟ್ಟೆಯಲ್ಲಿ ಮರಳಿ ನಡೆದ ಮಾರಯ್ಯನ ಹೆಜ್ಜೆಗಳನ್ನು ನಾನು ಮತ್ತೆ ಮತ್ತೆ ಎಣಿಸುತ್ತೇನೆ. ಅವನೇನಾದರೂ ಗೊಣಗಿರಬಹುದೇ? ಗೊಣಗಿದ್ದರೂ ನನಗೆ ಅವನ ಮೇಲಿನ ಗೌರವ ಕಡಿಮೆಯಾಗದು.

ಭತ್ತದ ಸೀಮೆಯವರಾದ ನಮಗೆ ಈ ನೀತಿಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸುಗ್ಗಿಯಲ್ಲಿ ಕೊಯ್ದು ಸಿವುಡು ಕಟ್ಟಿ ಸಾಗಿಸಿದ ಮೇಲೆ ಗದ್ದೆಯಲ್ಲಿ ಉಳಿದ ತೆನೆಗಳು ಹಕ್ಕಲು ಆಯುವವರ ಪಾಲು; ಒಳ್ಳೆಯ ಒಕ್ಕಲಿಗನು ಅವರನ್ನು ತಡೆಯನು, ಒಳ್ಳೆಯ ಬಡವನು ಬಣವೆಯ ಕಡೆಗೆ ಕೈ ಚಾಚನು.

ಬಣವೆಗೇ ಕೈ ಹಾಕುವವರೂ ಇದ್ದಾರೆಂಬುದನ್ನು ಮಾತ್ರ ಸಂಕೋಚವಿಲ್ಲದೆ ಹೇಳಬೇಕು. ಇದೇ ಯಂತ್ರವನ್ನು ಹಿಡಿದು, ಅಮಾವಾಸ್ಯೆಯ ರಾತ್ರಿ ಪಾಳುಗುಡಿಗಳನ್ನು ಹೊಕ್ಕು, ಬಸವಣ್ಣನ ಮೂರ್ತಿಯನ್ನು ಉರುಳಿಸಿ, ಲಿಂಗವನ್ನು ಕಿತ್ತು, ವೀರಗಲ್ಲುಗಳನ್ನು ಒಡೆದು ನಿಧಿಯನ್ನು ಅರಸುವ ಕಳ್ಳರ ಸುದ್ದಿ ನಮ್ಮ ವೃತ್ತಪತ್ರಿಕೆಗಳಲ್ಲಿ ಅಪರೂಪವಲ್ಲ. ನಮ್ಮ ನೆರೆಯ ಖಾನಾಪುರ ತಾಲೂಕಿನ ಹಲಸಿಯನ್ನು ನೆನೆಯಿರಿ. ಕದಂಬರ ಎರಡನೆಯ ರಾಜಧಾನಿಯಾಗಿದ್ದ ಆ ಊರಿನ ಬಳಿಯ ಒಂದು ದಿಬ್ಬದಲ್ಲಿ ಸಿಕ್ಕಿದ ತಾಮ್ರಪಟಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಶಾಸನತಜ್ಞ ಫ್ಲೀಟರು ಓದಿ ಪ್ರಕಟಿಸಿದುದರಿಂದಲೇ ಕಾಕುಸ್ಥವರ್ಮ, ರವಿವರ್ಮ, ಹರಿವರ್ಮರ ದಾನಗಳು ನಮಗೆ ತಿಳಿದುಬಂದವು. ತೂಕಕ್ಕೆ ಹಾಕಿದರೆ ಆ ತಗಡುಗಳ ತಾಮ್ರಕ್ಕೆ ಎಷ್ಟು ಬೆಲೆ ಬಂದೀತು? ಬಂಗಾರದ ಹಸಿವೆಯವನ ಕೈಗೆ ಅವು ಸಿಕ್ಕಿದ್ದರೆ ಕಂಚುಗಾರನ ಮೂಸೆಯನ್ನು ಸೇರುತ್ತಿದ್ದವು. ಒಂದು ರಾಜವಂಶದ ಮಾತು ಬಿಂದಿಗೆಯಾಗಿ ನೀರು ಹೊರುತ್ತಿತ್ತು.

ನೆಲದಲ್ಲಿ ಅಡಗಿದ ನಿಧಿ ಸಿಕ್ಕವನು ಅದನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಟ್ಟಳೆ 1878ರಿಂದಲೂ ಈ ದೇಶದಲ್ಲಿದೆ. ಅಂದಿನ ಕಾಯಿದೆಯು 10 ರೂಪಾಯಿಗೆ ಮಿಕ್ಕ ಬೆಲೆಯ ನಿಧಿಗೆಲ್ಲ ಈ ನಿಯಮವನ್ನು ಹಾಕಿತ್ತು. ನಮ್ಮ ರಾಜ್ಯವು 1962ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ಕಾಯಿದೆಗೆ ಅಂಜಿ ಒಪ್ಪಿಸಿದರೂ ಒಪ್ಪಿಸಿದಂತೆಯೇ. ಅಂಜಿಕೆಯಿಲ್ಲದೆ ಒಪ್ಪಿಸುವವರೇ ನಮ್ಮ ಹಳ್ಳಿಗಳಲ್ಲಿ ಹೆಚ್ಚೆಂದು ನಾನು ಬಲ್ಲೆ.

ಅಣ್ಣನ ಮಗನಿಗೆ ನಿನ್ನೆ ನನ್ನ ತೀರ್ಮಾನವನ್ನು ತಿಳಿಸಿದೆ. ಯಂತ್ರ ಬೇಕಾದರೆ ದುಡಿದು ಕೊಳ್ಳಲಿ. ಗುಡಿಯ ಸುತ್ತಲೂ ಹಳೆಯ ದಿಬ್ಬಗಳ ಮೇಲೂ ಅದನ್ನು ಒಯ್ಯಕೂಡದು, ದಂಡೆಯಲ್ಲಿ ಸಿಕ್ಕ ಒಡವೆಯನ್ನು ಪೊಲೀಸ್ ಠಾಣೆಗೆ ಒಪ್ಪಿಸದೆ ರೈಲು ಹತ್ತಕೂಡದು. ಕೇಳುಗರಾದ ತಮ್ಮಲ್ಲಿಯೂ ಒಂದು ವಿಜ್ಞಾಪನೆ. ಇನ್ನು ಮಳೆ ಹಿಡಿಯುತ್ತದೆ, ನೇಗಿಲುಗಳು ಹೊಲಕ್ಕಿಳಿಯುತ್ತವೆ. ಕುಂಟೆಯ ಬಾಯಿಗೆ ಹಳೆಯ ನಾಣ್ಯವೋ ಬರೆಹವಿರುವ ತಗಡೋ ಕಲ್ಲಿನ ತುಂಡೋ ತಗುಲಿದರೆ ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಬೇಡಿರಿ. ಸಿಕ್ಕ ಜಾಗಕ್ಕೆ ಒಂದು ಗುರುತಿಟ್ಟು ತಹಶೀಲ್ದಾರರ ಕಚೇರಿಗೆ ತಿಳಿಸಿರಿ. ಅದರಲ್ಲಿ ಏನು ಬರೆದಿದೆಯೆಂದು ಅರಿಯುವ ಕುತೂಹಲವುಳ್ಳವರಿಗೆ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿಯೇ ಇದೆ.